ನಡುಮನೆಯ ಅಂಟು

ಶಹಾಬಾದಿನ ಆ ಓಣಿಯಲ್ಲಿ ಯಾರ ಮನೆಗೆ ಹೋದರೂ ಕಾಲಡಿಗೆ ಸಿಗುವುದು ಊರ ಕಲ್ಲೇ. ಇದ್ದವರ ಮನೆಗೂ ಅದೇ, ಇಲ್ಲದವರ ಮನೆಗೂ ಅದೇ. ಬೇಸಿಗೆಯಲ್ಲಿ ಅದರ ಮೇಲೆ ಬೆನ್ನು ಚೆಲ್ಲಿದರೆ ಫ್ಯಾನಿನ ನೆನಪೂ ಆಗುವುದಿಲ್ಲ. ಇಂಥ ಊರಿನಲ್ಲಿ ಒಂದೇ ಒಂದು ಮನೆಯ ನೆಲ ಅಂಟತೊಡಗಿತು ಎಂದರೆ ಅದು ಕಲ್ಲಿನ ತಪ್ಪಲ್ಲ, ಮನೆಯವರ ತಪ್ಪು ಎಂದೇ ಓಣಿ ತೀರ್ಮಾನ ಮಾಡುತ್ತದೆ. ಆ ಮನೆಗೆ ಹೊಸ ಸೊಸೆ ಬಂದಿದ್ದರಂತೂ ತೀರ್ಮಾನಕ್ಕೆ ತಡವೇ ಇಲ್ಲ.

ಸೊಸೆಯ ಹೆಸರು ಭಾಗ್ಯ. ಮಳಖೇಡದಿಂದ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಮೂರೇ ಜನ. ಗಂಡ ಸುರೇಶಕುಮಾರ ವಾಡಿ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ. ಪಾಳಿ ಹೇಗಿದ್ದರೆ ಹಾಗೆ ರೈಲಿಗೆ ಹೋಗಿ ರೈಲಿಗೆ ಬರುವವನು. ಭಾಗ್ಯ ಬರುವ ಮೊದಲೇ ಅತ್ತೆ ತೀರಿಕೊಂಡಿದ್ದರು. ಮಾವ ಭೀಮಶ್ಯಾ ಒಂದು ಕಾಲಕ್ಕೆ ಹೆಸರಾದ ಗೌಂಡಿ. ಈ ಓಣಿಯ ಮುಕ್ಕಾಲು ಮನೆಗಳಿಗೆ ನೆಲದ ಫರಸಿ ಕಲ್ಲು ಹಾಸಿದ ಕೈ ಅವರದು. ಈಗ ಎರಡೂ ಕಣ್ಣು ಹೋಗಿದ್ದವು.

ಕಣ್ಣು ಹೋದರೂ ಮನೆಯೊಳಗೆ ಅವರಿಗೆ ಕೋಲು ಬೇಕಿರಲಿಲ್ಲ. ನೆಲ ಅವರೇ ಹಾಸಿದ್ದು. ಕಲ್ಲಿಗೂ ಕಲ್ಲಿಗೂ ನಡುವಿನ ಸಂದು ಅವರ ಅಂಗಾಲಿಗೆ ಚೆನ್ನಾಗಿ ಗೊತ್ತಿತ್ತು. ಹೊರಸಿನಿಂದ ಕಾಲಿಳಿಸಿ, ಹೆಬ್ಬೆರಳಿನಿಂದ ಸಂದು ಮುಟ್ಟಿ ನೋಡಿ, ಉದ್ದ ಕಲ್ಲು ದಾಟಿದರೆ ಬಚ್ಚಲು, ಮೂಲೆ ಒಡೆದ ಕಲ್ಲಿನಲ್ಲಿ ತಿರುಗಿದರೆ ತಲೆಬಾಗಿಲು ಎಂದು ಲೆಕ್ಕ ಹಿಡಿದು ನಡೆಯುತ್ತಿದ್ದರು. ಯಾರಾದರೂ ಬಾಗಿಲು ಬಡಿದರೆ ಭಾಗ್ಯ ರೊಟ್ಟಿಯ ಕೈ ತೊಳೆಯುವಷ್ಟರಲ್ಲಿ ಮಾವ ಹೋಗಿ ಅಗಳಿ ತೆಗೆದಿರುತ್ತಿದ್ದರು. ಆ ಅಗಳಿ ತೆಗೆಯುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮನೆಯ ಯಜಮಾನಿಕೆಯಲ್ಲಿ ಅವರ ಪಾಲಿಗೆ ಉಳಿದದ್ದು ಅದೊಂದೇ.

ಅಂಟು ಶುರುವಾದದ್ದು ಯಾವಾಗ ಎಂದು ಭಾಗ್ಯಳಿಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಚಳಿ ಬಿದ್ದ ಮೇಲೆ ಇರಬೇಕು. ಬರಿಗಾಲಲ್ಲಿ ನಡುಮನೆ ದಾಟಿದರೆ ಹೆಜ್ಜೆ ಹೆಜ್ಜೆಗೂ ಟಪ್ ಎಂದು ಸಣ್ಣ ಸದ್ದು. ಬೆಲ್ಲದ ಪಾಕ ಚೆಲ್ಲಿದ ಕಡೆ ಕಾಲಿಟ್ಟಂತೆ. ಒರೆಸಿದ ಕೂಡಲೇ ಹೋದಂತೆ ಅನಿಸುವುದು, ಒಣಗಿದ ಮೇಲೆ ಮತ್ತೆ ಟಪ್. ಪಕ್ಕದ ಮನೆಯ ಜಾನಬಿ ಖಾಲಾ ಒಂದು ಸಲ ಬಂದು ಹೋಗುವಾಗ ಸೀರೆಯ ಅಂಚು ಎತ್ತಿಕೊಂಡು ಬಾಗಿಲಲ್ಲಿ ನಿಂತು ಹೇಳಿದಳು: "ನಿಮ್ಮನಿ ನೆಲಕ್ಕ ಬಂದವರ ಮ್ಯಾಲ ಭಾಳ ಮೊಹಬ್ಬತ್ ನೋಡು ಬೇಟಿ. ಹೋಗ್ತೀನಿ ಅಂದ್ರ ಕಾಲು ಬಿಡವಲ್ದು."

ನಗುತ್ತಲೇ ಹೇಳಿದ್ದಳು. ಆದರೂ ಭಾಗ್ಯಳ ಕಿವಿ ಬಿಸಿಯಾದವು.

ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಒಂದು ಮುಂಜಾನೆ ಬಾಗಿಲ ಸದ್ದಾಯಿತು. ಭೀಮಶ್ಯಾ ಎಂದಿನಂತೆ ಎದ್ದು ಹೊರಟವರು, ಎತ್ತಿದ ಕಾಲನ್ನು ನೆಲ ಹಿಡಿದುಕೊಂಡಂತಾಗಿ ಮುಗ್ಗರಿಸಿ ಹೊಸ್ತಿಲ ಹತ್ತಿರ ಬಿದ್ದರು. ಮೊಣಕೈ ತರಚಿತು. ದೊಡ್ಡ ಪೆಟ್ಟೇನಲ್ಲ, ಆದರೆ ಬಿದ್ದವರು ಸೊಸೆಯ ಕೈ ಹಿಡಿದು ಹೊರಸಿಗೆ ಮರಳಿದರು. ಅವತ್ತಿನಿಂದ ಬಾಗಿಲು ಬಡಿದರೆ ಕೂತಲ್ಲೇ "ಭಾಗ್ಯ, ಯಾರೋ ಬಂದಾರ ನೋಡವ್ವ" ಎನ್ನತೊಡಗಿದರು.

ಸುರೇಶ ಹೆದರಿದ. ಹೆದರಿದ ಗಂಡಸು ಮಾಡುವಂತೆ ದೊಡ್ಡ ತೀರ್ಮಾನವನ್ನೇ ಮಾಡಿದ. ಈ ಹಳೆಯ ಕಲ್ಲಿನ ಮೇಲೆ ಟೈಲ್ಸ್ ಹಾಕಿಸಿಬಿಡುವುದು. ದೊಡ್ಡ ದೊಡ್ಡ ಟೈಲ್ಸು, ಸಂದೂ ಇಲ್ಲ, ಗಿಂದೂ ಇಲ್ಲ, ಒರೆಸಿದರೆ ಕನ್ನಡಿ. ಈ ಮಾತು ಹೊಸದೇನಲ್ಲ. ಚಳಿ ಶುರುವಾಗುವ ಮುಂಚೆ ಒಮ್ಮೆ ಊಟಕ್ಕೆ ಕೂತಾಗ, ಬೋರಿನ ನೀರಿಗೆ ಕಲ್ಲೆಲ್ಲ ಬೆಳ್ಳಗಾಗಿ ಹೊಳಪೇ ಹೋಗಿದೆ, ಟೈಲ್ಸ್ ಹಾಕಿಸಬೇಕು ಎಂದು ಅವನು ಹಗುರಾಗಿ ಆಡಿದ್ದ. ಆಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಟೈಲ್ಸ್ ಹಾಕುವ ಮೆಹತಾಬ್‌ಗೆ ಫೋನೇ ಮಾಡಿದ. ಗುರುವಾರ ಅಳತೆಗೆ ಬರುವುದು ಎಂದಾಯಿತು.

ಸಂದಿಲ್ಲದ ನೆಲದಲ್ಲಿ ಮಾವ ದಾರಿ ಹೇಗೆ ಕಂಡುಕೊಳ್ಳುತ್ತಾರೆ ಎಂದು ಭಾಗ್ಯ ಕೇಳಿದಳು. ಗೋಡೆ ಹಿಡಿದುಕೊಂಡು ನಡೆಯಲಿ, ಬೀಳುವುದಕ್ಕಿಂತ ಛಲೋ ಎಂದ ಸುರೇಶ. ತಪ್ಪು ಹೇಳಿದ ಎನ್ನುವಂತಿರಲಿಲ್ಲ. ಆದರೆ ಹೊರಸಿನಿಂದ ಇಳಿಬಿದ್ದ ಮಾವನ ಹೆಬ್ಬೆರಳು ಆ ಮಾತು ನಡೆಯುವಾಗ ಕೆಳಗಿನ ಕಲ್ಲಿನ ಸಂದನ್ನು ಹಿಂದೆ ಮುಂದೆ ಸವರುತ್ತಿದ್ದುದನ್ನು ಭಾಗ್ಯ ನೋಡಿದಳು. ಟೈಲ್ಸ್ ಬಂದರೆ ಇವರು ಈ ಹೊರಸಿನಿಂದ ಇಳಿಯುವುದಿಲ್ಲ ಎಂದು ಅವಳಿಗೆ ಅವತ್ತೇ ಖಾತ್ರಿಯಾಯಿತು. ಕೂತ ಮುದುಕರು ಹಾಗೇ ಮಲಗುತ್ತಾರೆ. ಮಲಗಿದವರನ್ನು ಎಬ್ಬಿಸುವುದು ಯಾರ ಕೈಯಲ್ಲೂ ಇಲ್ಲ. ಅವಳ ತವರಿನಲ್ಲಿ ಅಜ್ಜಿಗೆ ಹಾಗೇ ಆಗಿತ್ತು.

ಹಾಗಾಗಿ ಗುರುವಾರದೊಳಗೆ ಈ ಅಂಟಿನ ಬುಡ ಹುಡುಕಲೇಬೇಕೆಂದು ಅವಳು ನಿಂತಳು. ಹುಡುಕುವುದು ಅವಳ ಹುಟ್ಟುಗುಣ. ಚಿಕ್ಕವಳಿದ್ದಾಗ ಹಾಲು ಕದಿಯುವ ಬೆಕ್ಕು ಯಾವ ಕಿಂಡಿಯಿಂದ ಬರುತ್ತದೆಂದು ನೋಡಲು ಇಡೀ ಮಧ್ಯಾಹ್ನ ಕಣಜದ ಹಿಂದೆ ಕೂತವಳು.

ಮೊದಲು ಅನುಮಾನ ಬಂದದ್ದು ನೆಲ ಒರೆಸಲು ಅಂಗಡಿಯಿಂದ ತಂದ ಬಾಟಲಿಯ ಹಸಿರು ನೀರಿನ ಮೇಲೆ. ನೆಲ ಅಂಟುತ್ತದೆ ಎಂದಾಗಲೆಲ್ಲ ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ಇನ್ನಷ್ಟು ಹಾಕು. ಅವಳೂ ಹಾಕಿದ್ದಳು, ಸಾಬೂನಿನ ಪುಡಿಯನ್ನೂ ಕೂಡಿಸಿದ್ದಳು. ಪಾತ್ರೆಗೆ ಸೋಪು ಹಚ್ಚಿ ತೊಳೆಯದೆ ಬಿಟ್ಟರೆ ಏನಾಗುತ್ತದೋ ನೆಲಕ್ಕೂ ಅದೇ ಅಲ್ಲವೇ ಎಂದು ಹೊಳೆದದ್ದು ಆಮೇಲೆ. ಬಾಟಲಿ ಮೂಲೆಗಿಟ್ಟಳು. ಬರೀ ನೀರಿನಲ್ಲಿ ಒರೆಸಿದಳು, ನೀರು ಬದಲಿಸಿ ಬದಲಿಸಿ ಒರೆಸಿದಳು. ಸ್ವಲ್ಪ ತಗ್ಗಿತು. ಆದರೆ ಹೋಗಲಿಲ್ಲ.

ಆಮೇಲೆ ಅಡುಗೆಯ ಒಗ್ಗರಣೆಯ ಜಿಡ್ಡಿರಬಹುದೇ ಎಂದುಕೊಂಡು ಅಡುಗೆಮನೆಯ ನೆಲ ಮುಟ್ಟಿ ನೋಡಿದಳು. ಅಲ್ಲೇ ಅವಳ ತಲೆಯಲ್ಲಿ ಮೊದಲ ಗಂಟೆ ಬಾರಿಸಿತು. ಜಿಡ್ಡು ಇರಬೇಕಾದ ಅಡುಗೆಮನೆಯ ಕಲ್ಲು ಒಣಗಿದ ಜೋಳದ ರೊಟ್ಟಿಯ ಹಾಗೆ ಗರಿಗರಿ! ಅಂಟಿದ್ದುದು ನಡುಮನೆಯಲ್ಲಿ, ಅದೂ ಹೊರಸಿನ ಮುಂದಿನಿಂದ ತಲೆಬಾಗಿಲಿನವರೆಗೆ. ಹೊರಸಿನ ಕೆಳಗಿಲ್ಲ, ಕಪಾಟಿನ ಬದಿಗಿಲ್ಲ. ಅದೇ ನೀರು, ಅದೇ ಅರಿವೆ, ಒರೆಸಿದ ಕೈಯೂ ಅದೇ. ಹಾಗಿದ್ದರೆ ಒಂದು ಕಡೆ ಅಂಟು, ಇನ್ನೊಂದು ಕಡೆ ಇಲ್ಲ ಎಂದರೆ ಏನರ್ಥ?

ಒಂದು ಉಪಾಯ ಮಾಡಿದಳು. ನಡುಮನೆಯ ಒಂದೇ ಕಲ್ಲನ್ನು ಆರಿಸಿ, ಬಿಸಿನೀರಿಗೆ ಬಟ್ಟೆ ತೊಳೆಯುವ ಸೋಡಾ ಹಾಕಿ, ತೆಂಗಿನ ನಾರಿನಿಂದ ಉಜ್ಜಿ, ಒಳ್ಳೆ ನೀರಿನಿಂದ ಮತ್ತೆ ಮತ್ತೆ ತೊಳೆದು ಒಣಗಿಸಿದಳು. ಕೈಯಿಟ್ಟರೆ ಹೊಸ ತಾಟಿನ ಹಾಗಿತ್ತು. ಮರುದಿನ ಸಂಜೆ ಅದೇ ಕಲ್ಲಿನ ಮೇಲೆ ಅಂಗೈಯಿಟ್ಟಳು. ಟಪ್.

ಭಾಗ್ಯ ಅಲ್ಲೇ ಕೂತುಬಿಟ್ಟಳು. ಅಂಟು ಕಲ್ಲಿನೊಳಗಿನಿಂದ ಬರುತ್ತಿಲ್ಲ, ಬಂದಿದ್ದರೆ ಅದೇ ಕಲ್ಲಿನ ಅಡುಗೆಮನೆಯೂ ಅಂಟಬೇಕಿತ್ತು. ನೀರಿನಿಂದಲೂ ಬರುತ್ತಿಲ್ಲ. ಯಾರೋ ತಂದು ಹಚ್ಚುತ್ತಿದ್ದಾರೆ.

ಮಂಗಳವಾರ ಬೇಕೆಂದೇ ನೆಲ ಒರೆಸದೆ ಬಿಟ್ಟಳು. ಓಣಿಯ ತುದಿಯಲ್ಲಿ ಕಲ್ಲು ಕೊಯ್ಯುವ ಮಷಿನ್ನುಗಳಿವೆ, ಇಡೀ ದಿನ ಲಾರಿ ಓಡಾಡುತ್ತವೆ, ಬಿಳಿ ಹಿಟ್ಟಿನಂಥ ಧೂಳು ಮನೆಮನೆಗೆ ಬಂದು ಕೂರುತ್ತದೆ. ದಿನವೂ ಬೈದುಕೊಂಡು ಒರೆಸುವ ಆ ಧೂಳು ಅವತ್ತು ಅವಳಿಗೆ ನೆಂಟನಾಯಿತು. ಇಳಿಹೊತ್ತಿನ ಬಿಸಿಲು ತಲೆಬಾಗಿಲಿನಿಂದ ಓರೆಯಾಗಿ ಒಳಗೆ ಬಿದ್ದಾಗ, ಕೆನ್ನೆ ನೆಲಕ್ಕೆ ಹತ್ತುವಷ್ಟು ಬಗ್ಗಿ ನೋಡಿದಳು. ಜಿಡ್ಡಿದ್ದಲ್ಲಿ ಧೂಳು ಹಿಡಿದುಕೊಂಡಿತ್ತು. ಹಿಡಿದ ಧೂಳು ಅರ್ಧಚಂದ್ರದ ಆಕಾರದಲ್ಲಿತ್ತು. ಒಂದು ಅರ್ಧಚಂದ್ರ, ಅದರ ಮಗ್ಗುಲಿಗೆ ಇನ್ನೊಂದು, ಒಂದರ ಅಂಚಿನ ಮೇಲೆ ಒಂದು ರೊಟ್ಟಿ ಜೋಡಿಸಿಟ್ಟ ಹಾಗೆ, ಹೊರಸಿನಿಂದ ಬಾಗಿಲ ಕಡೆಗೆ. ಕಲ್ಲಿನ ಸಂದುಗಳಲ್ಲಿ ಮಾತ್ರ ಏನೂ ಇಲ್ಲ. ಹಚ್ಚಿದವರು ಯಾರೋ ಸಂದು ತಪ್ಪಿಸಿ ಹಚ್ಚಿದ್ದಾರೆ.

ಅವಳು ಒರೆಸುವುದು ಕೋಲಿನ ಮಾಪಿನಿಂದ. ಅದರ ಗುರುತು ಉದ್ದ ಗೆರೆ. ಇದು ಕೂತು ತೋಳು ಬೀಸಿ ಒರೆಸಿದವರ ಗುರುತು. ತಾನೇ ನೆಲಕ್ಕೆ ಕೂತು ತೋಳು ಚಾಚಿ ನೋಡಿದಳು. ಅರ್ಧಚಂದ್ರದ ಅಂಚು ಅವಳ ಬೆರಳ ತುದಿಗಿಂತ ಆಚೆಗಿತ್ತು. ಅವಳದಕ್ಕಿಂತ ಉದ್ದದ ತೋಳು.

ಸುರೇಶ ಆ ಹೊತ್ತಿಗೆ ವಾಡಿಯಲ್ಲಿದ್ದ. ಕೂತು ನೆಲ ಒರೆಸುವ ಜಾತಿಯ ಗಂಡಸೂ ಅವನಲ್ಲ.

ತಲೆಯೆತ್ತಿ ನೋಡಿದಳು. ಮಾವ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಅವರ ಮೇಲೆ ಬಾಬಾಸಾಹೇಬರ ಫೋಟೋ, ಪಕ್ಕದಲ್ಲಿ ಖಾಲಿ ಬಟ್ಟಲು. ಬಟ್ಟಲು ನೋಡಿದ ಕೂಡಲೇ ಅವಳಿಗೆ ಇನ್ನೊಂದು ನೆನಪು ಬಂತು. ಚಳಿಗೆ ಮೊಣಕಾಲು ಹಿಡಿಯುತ್ತವೆ ಎಂದು ಮಾವ ದಿನವೂ ಒಂದಿಷ್ಟು ಕುಸುಬಿ ಎಣ್ಣೆ ಕೇಳುತ್ತಿದ್ದರು. ಮಳಖೇಡದಿಂದ ಅವ್ವ ಕಳಿಸಿದ ಗಾಣದೆಣ್ಣೆ. ಮಧ್ಯಾಹ್ನ ಜಾನಬಿ ಖಾಲಾಳ ಮನೆಗೆ ಹೊಲಿಗೆಗೆ ಹೋಗುವ ಮುಂಚೆ ಭಾಗ್ಯ ತಾನೇ ಬಟ್ಟಲು ತುಂಬಿ ಇಟ್ಟು ಹೋಗುವಳು, ಬರುವಷ್ಟರಲ್ಲಿ ಅದು ಖಾಲಿಯಾಗಿರುತ್ತಿತ್ತು. ಆದರೆ ಮೊಣಕೈಗೆ ಮುಲಾಮು ಹಚ್ಚುವಾಗ ನೋಡಿದ್ದಳಲ್ಲ, ಆ ಮೊಣಕಾಲುಗಳು ಬೇಸಿಗೆಯ ಎರೆಹೊಲದಂತೆ ಬಿರಿದಿದ್ದವು. ಅವಕ್ಕೆ ಎಣ್ಣೆ ಸೋಂಕಿ ಎಷ್ಟು ದಿನವಾಗಿತ್ತೋ.

ಅವತ್ತು ಅವಳು ಏನೂ ಕೇಳಲಿಲ್ಲ. ಅನುಮಾನದ ಮೇಲೆ ಹಿರಿಯರನ್ನು ಕೇಳಬಾರದು, ಕಣ್ಣಾರೆ ಕಂಡು ಕೇಳಬೇಕು.

ಬುಧವಾರ ಎಂದಿನಂತೆ ಬಟ್ಟಲು ತುಂಬಿಟ್ಟು ಹೊಲಿಗೆಯ ಚೀಲ ಹಿಡಿದು ಹೊರಬಿದ್ದಳು. ತನಗೆ ಹೊಟ್ಟೆನೋವೆಂದು ಜಾನಬಿ ಖಾಲಾಳಿಗೆ ಹೇಳಿ ಬೇಗ ಮರಳಿದಳು. ಬಾಗಿಲು ಅಗಳಿ ಹಾಕದೆ ಬರೀ ಮುಂದೆ ಮಾಡಿತ್ತು. ಸಂದಿಯಿಂದ ನೋಡಿದಳು.

ಭೀಮಶ್ಯಾ ನೆಲಕ್ಕೆ ಕೂತಿದ್ದರು. ಧೋತರ ಮೇಲೆ ಸಿಕ್ಕಿಸಿ, ಕೂತ ಕೂತಲ್ಲೇ ಜರುಗುತ್ತ ಬರುತ್ತಿದ್ದರು. ಎಡಗೈಯ ಹೆಬ್ಬೆರಳು ಸಂದಿನ ಮೇಲೆ, ಬಲಗೈಯಲ್ಲಿ ಎಣ್ಣೆಯ ಅರಿವೆ. ಸಂದು ಮುಟ್ಟಿ ಗುರುತು ಮಾಡಿಕೊಳ್ಳುವುದು, ಅಲ್ಲಿಂದ ಅರಿವೆ ಬೀಸುವುದು, ಬಟ್ಟಲಿಗೆ ಅದ್ದುವುದು, ಮುಂದಿನ ಕಲ್ಲಿಗೆ ಜರುಗುವುದು. ಅಷ್ಟು ಚೊಕ್ಕ ಕೆಲಸವನ್ನು ಭಾಗ್ಯ ಈ ಮನೆಗೆ ಬಂದ ಮೇಲೆ ನೋಡಿರಲಿಲ್ಲ. ನಡುನಡುವೆ ಕಲ್ಲಿನ ಮೇಲೆ ಅಂಗೈ ತಟ್ಟಿ, ಏನೋ ವಿಚಾರಿಸುವವರ ಹಾಗೆ ತಲೆ ವಾಲಿಸುತ್ತಿದ್ದರು. ಬಿದ್ದ ಮೇಲೆ ಈ ಮನುಷ್ಯ ಹೊರಸಿನಿಂದ ಇಳಿದೇ ಇಲ್ಲ ಎಂದು ಅವಳು ತಿಳಿದಿದ್ದಳು!

ಅವಳು ಬಾಗಿಲು ದೂಡಿ ಒಂದು ಹೆಜ್ಜೆ ಒಳಗಿಟ್ಟಳು. ಮುದುಕರ ಕೈ ನಿಂತಿತು.

"ಭಾಗ್ಯ, ಅಲ್ಲೇ ನಿಂದ್ರವ್ವ. ಇನ್ನ ಹಸೀ ಅದ."

ಅವಳು ನಿಂತಳು. ಸಿಕ್ಕಿಬಿದ್ದವರ ಗಾಬರಿ ಅವರಲ್ಲಿರಲಿಲ್ಲ. ಮುಖ ಅವಳ ಕಡೆಗೆ ತಿರುಗಿಸಿ ಕೇಳಿದರು:

"ಹೊಳೀಲಿಕತ್ತಾವೇನು?"

ಭಾಗ್ಯ ನೋಡಿದಳು. ಹಸಿ ಎಣ್ಣೆ ಹಚ್ಚಿದ ಕಲ್ಲುಗಳು ಮಳೆ ಬಿದ್ದ ನೆಲದಂತೆ ಕರ್ರಗೆ, ಬಾಗಿಲ ಬೆಳಕನ್ನೆಲ್ಲ ಹೊತ್ತುಕೊಂಡು ಹೊಳೆಯುತ್ತಿದ್ದವು. ಹೌದು ಎಂದು ಹೇಳಿ ಸುಮ್ಮನಾಗುವುದು ಸುಲಭವಿತ್ತು. ಆದರೆ ನಾಳೆ ಮೆಹತಾಬ್ ಬರುವವನಿದ್ದ.

"ಈಗ ಭಾಳ ಹೊಳೀತಾವ ಮಾಮಾ," ಎಂದಳು. "ಸಂಜೀಗಿ ಅಂಟ್ತಾವ."

ಮುದುಕರ ಹುಬ್ಬು ಗಂಟಾಯಿತು. "ಅಂಟೋದು ನಿನ್ನ ಹಸಿರ ನೀರಿಂದಲ್ಲೇನು?"

"ಅದನ್ನ ಬಿಟ್ಟು ಭಾಳ ದಿನ ಆತ್ರಿ."

"ನಾ ಹಂಗೇ ತಿಳಕೊಂಡಿದ್ದೆ," ಎಂದರು ನಿಧಾನವಾಗಿ. "ಹೊಸದಾಗಿ ಬಂದ ಹುಡುಗಿ, ನೆಲ ಒರಸಲಿಕ್ಕ ಬರಂಗಿಲ್ಲ ಅಂದ್ರ ಮನಸಿಗಿ ಹಚ್ಕೋತದ ಅಂತ ಸುಮ್ನಿದ್ದೆ."

ಭಾಗ್ಯಳಿಗೆ ನಗು ಬಂತು. ಇಷ್ಟು ದಿನ ಅವರು ಅವಳನ್ನು ಮನಸ್ಸು ನೋಯದಂತೆ ಕಾಯುತ್ತಿದ್ದರು. ನಿನ್ನೆಯಿಂದ ಅವಳು ಅವರನ್ನು.

ಆಮೇಲೆ ಎಲ್ಲ ಬಿಚ್ಚಿ ಹೇಳಿದರು. ಮಗ ಊಟಕ್ಕೆ ಕೂತು ಕಲ್ಲು ಬೆಳ್ಳಗಾಗಿದೆ, ಟೈಲ್ಸ್ ಹಾಕಿಸಬೇಕು ಎಂದದ್ದು ಅವರ ಎದೆಗೆ ನಾಟಿತ್ತು. ಮೊದಲಿನ ಕಪ್ಪು ಹೊಳಪು ತಂದರೆ ಕಲ್ಲು ಉಳಿಯುತ್ತದೆ, ಅದು ತನ್ನ ಕೈಗೆ ಗೊತ್ತಿರುವ ಕೆಲಸ ಎಂದುಕೊಂಡರು. ಆ ಕಾಲಕ್ಕೆ ಮದುವೆಯ ಮನೆಗಳಲ್ಲಿ, ನೆಂಟರು ಬರುವ ಮುಂಚೆ, ಗೌಂಡಿಗಳನ್ನು ಕರೆಸಿ ಫರಸಿಗೆ ಎಣ್ಣೆ ಎಳೆಸುತ್ತಿದ್ದರು. ಕುಸುಬಿ ಎಣ್ಣೆಯೇ. ಆದರೆ ಅದಕ್ಕೆ ಚಿಮಣಿ ಎಣ್ಣೆ ಬೆರೆಸುತ್ತಿದ್ದರು. ಬೆರೆಸಿ ಹಚ್ಚಿ, ಹಿಂದೆಯೇ ಇನ್ನೊಬ್ಬ ಗೋಣಿತಟ್ಟು ಹಿಡಿದು ಒಣ ಆಗುವವರೆಗೆ ತಿಕ್ಕುತ್ತ ಬರುತ್ತಿದ್ದ. ಈಗ ರೇಷನ್ ಅಂಗಡಿಯಲ್ಲಿ ಚಿಮಣಿ ಎಣ್ಣೆಯ ಡಬ್ಬಿಯೇ ಕಾಣೆಯಾಗಿದೆ. ಹಿಂದೆ ತಿಕ್ಕುತ್ತ ಬರುವವನೂ ಇಲ್ಲ. ಬರೀ ಎಣ್ಣೆ ಹಚ್ಚಿದರೆ ಏನಾದೀತು, ಹೊಳಪು ಸ್ವಲ್ಪ ಕಡಿಮೆಯಾದೀತು ಎಂದುಕೊಂಡಿದ್ದರು.

"ಚಿಮಣಿ ಎಣ್ಣಿ ಹಾರಿ ಹೋಗ್ತಿತ್ತು, ಹೋಗೋ ಮುಂದ ಕುಸುಬಿ ಎಣ್ಣೀನ ಕಲ್ಲಿನೊಳಗ ಇಳಿಸಿ ಹೋಗ್ತಿತ್ತು," ಎಂದು ಹೇಳುತ್ತ ಹೇಳುತ್ತ ಅವರೇ ಅರಿವೆಯನ್ನು ಕೆಳಗಿಟ್ಟರು. ಒಣಗಿದ ಒಂದು ಕಲ್ಲಿನ ಮೇಲೆ ಅಂಗೈ ಒತ್ತಿ ಎತ್ತಿದರು. ಟಪ್. ಮತ್ತೆ ಒತ್ತಿ ಎತ್ತಿದರು. ಟಪ್. "ಇಲ್ಲಿ ಬರೇ ಮ್ಯಾಲ ಕುಂತು ಗೋಂದಿನಂಗ ಬಂಕಿ ಆಗ್ಯಾದ. ನನ್ನ ಕಾಲು ಹಿಡದು ಕೆಡವಿದ್ದು ನಾನೇ ಅಂದಂಗಾತು."

ಮರುಗುತ್ತ ಕೂತರೆ ಹೊತ್ತು ಇಳಿಯುತ್ತದೆ. ಭಾಗ್ಯ ಸೀರೆ ಎತ್ತಿ ಸಿಕ್ಕಿಸಿ, ಬಂಕಿಯನ್ನು ಇಳಿಸೋಣ ಏಳ್ರಿ ಎಂದಳು. ಒಂದು ಕಲ್ಲನ್ನು ತಾನು ಮೊದಲೇ ತೊಳೆದು ನೋಡಿದ್ದನ್ನೂ, ಸೋಡಾ ಹಾಕಿದರೆ ಬಿಡುತ್ತದೆ ಎಂಬುದನ್ನೂ ಹೇಳಿದಳು. ಮುದುಕರು ಕೇಳಿಸಿಕೊಂಡು, ಹಸಿ ಎಣ್ಣೆಯ ಮೇಲೆ ನೀರು ಸುರಿದರೆ ಹರಡೀತು, ಮೊದಲು ಬೂದಿ ಹಾಕಿ ಹೀರಿಸು ಎಂದರು.

ಇವರ ಮನೆಯಲ್ಲಿ ಗ್ಯಾಸಿನ ಒಲೆ, ಬೂದಿಗೆ ಜಾನಬಿ ಖಾಲಾಳ ನೀರೊಲೆಗೇ ಹೋಗಬೇಕು. ಹೊಟ್ಟೆನೋವಿನವಳು ಬುಟ್ಟಿ ಹಿಡಿದು ಬಂದದ್ದನ್ನು ನೋಡಿ ಖಾಲಾ, ಹೊಟ್ಟೆನೋವಿಗೆ ಬೂದಿ ತಿನ್ನುವ ಔಷಧ ಮಳಖೇಡದ್ದೇನು ಎಂದು ಕೇಳಿದಳು. ಆದರೆ ಬುಟ್ಟಿಯನ್ನು ತಾನೇ ತುಂಬಿಕೊಟ್ಟು, ಹಳೆಯ ಗೋಣಿತಟ್ಟನ್ನೂ ಹುಡುಕಿ ಕೊಟ್ಟಳು.

ಬೂದಿ ಚೆಲ್ಲಿ, ಎಣ್ಣೆ ಹೀರಲು ಬಿಟ್ಟು, ಗುಡಿಸಿ ತೆಗೆದರು. ಸೋಡಾ ಹಾಕಿದ ಬಿಸಿನೀರನ್ನು ಒಂದೊಂದೇ ಕಲ್ಲಿಗೆ ಹೊಯ್ದು ಭಾಗ್ಯ ನಾರಿನಿಂದ ಉಜ್ಜಿದಳು. ಒಂದೇ ಸಲಕ್ಕೆ ಇಡೀ ನೆಲಕ್ಕೆ ನೀರು ಚೆಲ್ಲಿದರೆ ಜಿಡ್ಡು ಇಲ್ಲಿಂದೆದ್ದು ಅಲ್ಲಿ ಕೂರುತ್ತದೆ. ಉಜ್ಜಿದ ನೀರನ್ನು ಒಣಗಲು ಬಿಡದೆ ಅರಿವೆಯಿಂದ ಎತ್ತಿದಳು, ಒಳ್ಳೆ ನೀರಿನಿಂದ ಒರೆಸಿ, ಆ ನೀರೂ ಕೆಟ್ಟ ಮೇಲೆ ಚೆಲ್ಲಿ ಬೇರೆ ನೀರು ತಂದಳು. ಹಿಂದೆ ಮುದುಕರು ಗೋಣಿತಟ್ಟಿನಿಂದ ಒಣಗಿಸುತ್ತ ಜರುಗಿದರು. ಕಲ್ಲು ಆಯಿತೋ ಇಲ್ಲವೋ ಎಂದು ಹೇಳುವ ಕೆಲಸ ಅವರ ಅಂಗೈಯದು. ಭಾಗ್ಯಳ ಕಣ್ಣಿಗೆ ಚೊಕ್ಕ ಕಂಡ ಕಲ್ಲನ್ನೂ ಅವರ ಕೈ ಎರಡೆರಡು ಸಲ ಹಿಂದಕ್ಕೆ ಕಳಿಸಿತು. ದೀಪ ಹಚ್ಚುವ ಹೊತ್ತಿಗೆ ಅವಳ ಸೊಂಟ ಸೊಂಟವಾಗಿ ಉಳಿದಿರಲಿಲ್ಲ.

ರಾತ್ರಿ ಸುರೇಶ ಬಂದವನು ದಣಿದು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಕಾಲಡಿಗೆ ಲಕ್ಷ್ಯ ಕೊಡದೆ ಉಂಡು ಮಲಗಿದ.

ಗುರುವಾರ ಮುಂಜಾನೆ ಬಾಗಿಲು ಬಡಿದ ಸದ್ದಾಯಿತು. ಭಾಗ್ಯ ಒಲೆಯ ಮುಂದಿದ್ದಳು. ಸುರೇಶ ಏಳುವಷ್ಟರಲ್ಲಿ ಭೀಮಶ್ಯಾ ಹೊರಸಿನಿಂದ ಕಾಲಿಳಿಸಿದ್ದರು. ಹೆಬ್ಬೆರಳು ಸಂದು ಹುಡುಕಿತು, ಸಿಕ್ಕಿತು. ಭಾಗ್ಯ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ಟಪ್ ಎನ್ನುವ ಸದ್ದು ಬರಲಿಲ್ಲ. ಬರಿಗಾಲು ಕಲ್ಲಿಗೆ ಸವರುವ ಸಣ್ಣ ಸರಸರ ಮಾತ್ರ. ಉದ್ದ ಕಲ್ಲು, ಮೂಲೆ ಒಡೆದ ಕಲ್ಲು, ತಿರುವು, ಆಮೇಲೆ ಅಗಳಿ.

ಮೆಹತಾಬ್ ಅಳತೆಯ ಟೇಪು ಹಿಡಿದು ಒಳಗೆ ಬಂದು, ನೆಲ ನೋಡಿ, ಸುರೇಶನನ್ನು ನೋಡಿದ. ಫೋನಿನಲ್ಲಿ ಹೇಳಿದ್ದು ಇದೇ ನೆಲವೇ ಎಂದು ಕೇಳಿದ. ಸುರೇಶನಿಗೂ ಈಗ ಕಾಲಿನ ಕಡೆ ಲಕ್ಷ್ಯ ಹೋಯಿತು. ಒಂದು ಹೆಜ್ಜೆ ಇಟ್ಟ, ಎತ್ತಿದ, ಮತ್ತೆ ಇಟ್ಟ. ಏನು ಮಾಡಿದಿ ಎಂಬಂತೆ ಹೆಂಡತಿಯ ಕಡೆ ತಿರುಗಿದ. ಭಾಗ್ಯ ಹಿಟ್ಟಿನ ಕೈಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹೇಳುವುದೋ ಬಿಡುವುದೋ ತಿಳಿಯಲಿಲ್ಲ.

ಅಗಳಿಯ ಮೇಲೆ ಕೈಯಿಟ್ಟುಕೊಂಡೇ ಮುದುಕರು ಹೇಳಿದರು:

"ಅಂಟು ಹಚ್ಚಿದಾಂವ ನಾನು. ತೆಗದಾಕಿ ಆಕಿ. ಕಲ್ಲಿಂದೇನೂ ತಪ್ಪಿಲ್ಲ ಸುರೇಶ."

ಸುರೇಶ ಅಪ್ಪನ ಎಣ್ಣೆಗಪ್ಪು ಹಿಡಿದ ಉಗುರುಗಳನ್ನು ನೋಡಿದ. ಹೆಂಡತಿಯ ಸೋಡಾ ತಿಂದ ಬೆರಳುಗಳನ್ನು ನೋಡಿದ. ಏನು, ಯಾಕೆ, ಹೇಗೆ ಎಂದು ಆಮೇಲೆ ಕೇಳಿದ, ಬಿಡದೆ ಕೇಳಿದ. ಆ ಹೊತ್ತಿಗೆ ಮಾತ್ರ ಒಂದೇ ಕೇಳಿದ.

"ಅಪ್ಪಾ, ಹೊರಸಿನ ತನಕ ಒಮ್ಮಿ ನಡದು ತೋರ್ಸ್ರಿ ನೋಡೋಣು."

ಭೀಮಶ್ಯಾ ನಡೆದರು. ಪರೀಕ್ಷೆ ಕೊಡುವವರ ಹಾಗಲ್ಲ, ತಮ್ಮ ಹೊಲದ ಬದುವಿನ ಮೇಲೆ ಹೋಗುವವರ ಹಾಗೆ. ಮೂಲೆ ಒಡೆದ ಕಲ್ಲು ತಿರುಗಿ, ಉದ್ದ ಕಲ್ಲು ದಾಟಿ, ಹೊರಸು ಮುಟ್ಟಿ, ಕೂರದೆ ಮತ್ತೆ ಬಾಗಿಲ ಕಡೆಗೇ ಹೊರಟರು. ಸುರೇಶ ಗಂಟಲು ಸರಿಮಾಡಿಕೊಂಡು, ಬಂದದ್ದು ಬಂದಿದ್ದಿ, ಬಚ್ಚಲಿನ ಗೋಡೆಯದಷ್ಟು ಅಳತೆ ತಗೊಂಡು ಹೋಗು ಎಂದು ಮೆಹತಾಬ್‌ಗೆ ಹೇಳಿದ. ಮೆಹತಾಬ್ ಟೇಪು ಎಳೆಯುತ್ತ ಬಚ್ಚಲಿಗೆ ನಡೆದ.

ಭಾಗ್ಯ ಉಸಿರು ಬಿಟ್ಟು ರೊಟ್ಟಿಯ ಕಡೆ ತಿರುಗಿದಳು. ಹಿಂದಿನಿಂದ ಮಾವನ ಹೆಜ್ಜೆ ನಿಂತದ್ದು ಕೇಳಿಸಿತು. ಹೊಸ್ತಿಲ ಹತ್ತಿರದ ಕಲ್ಲಿನ ಮೇಲೆ ಅವರ ಹೆಬ್ಬೆರಳು ಒಂದೇ ಜಾಗವನ್ನು ತಿರುಗಿ ತಿರುಗಿ ಸವರುತ್ತಿತ್ತು.

"ಭಾಗ್ಯ," ಎಂದರು. "ಈ ಮೂಲ್ಯಾಗ ಇನ್ನ ಒಂದೀಟು ಉಳದದವ್ವ."

ಬಿಸಿನೀರು ಒಲೆಯ ಮೇಲೆ ಹೇಗೂ ಇತ್ತು.